ಎಡಗಡೆ ಖಾಲಿ ಇಲ್ಲ

ಆಡಲು ಬಾರದವರಿಗೇ ಆಟದ ಮೇಲೆ ಅಭಿಪ್ರಾಯ ಜಾಸ್ತಿ ಎಂಬುದು ನನ್ನ ಜೀವಮಾನದ ಸಂಶೋಧನೆ. ಇದಕ್ಕಾಗಿ ನಾನು ಊರೂರು ಅಲೆಯಬೇಕಾಗಲಿಲ್ಲ, ಮನೆಯ ಕನ್ನಡಿಯೇ ಸಾಕಾಯಿತು. ಒಲೆ ಹಚ್ಚಲು ಬಾರದ ಗಂಡಸು ಸಾರಿಗೆ ಹುಳಿ ಕಡಿಮೆ ಅನ್ನುತ್ತಾನೆ. ಈಜು ಬಾರದವನು ದಡದಲ್ಲಿ ನಿಂತು ‘ಕೈ ಬಡಿಯೋ, ಕಾಲು ಬಡಿಯೋ’ ಎಂದು ಕೂಗುತ್ತಾನೆ. ನಾನು ನಮ್ಮೂರು ಟೇಕಲ್ಲಿನ ‘ಬೆಟ್ಟದಡಿ ಬಾಯ್ಸ್’ ಫುಟ್‌ಬಾಲ್ ತಂಡದಲ್ಲಿ ಬಹಳ ವರ್ಷ ಗೋಲ್‌ಕೀಪರ್ ಆಗಿದ್ದೆ. ಕೀಪರ್ ಎಂದರೆ ಎರಡನೆಯ ಕೀಪರ್. ಮೊದಲನೆಯವನಿಗೆ ಜ್ವರ ಬಂದರೆ ನಮ್ಮವರು ನನ್ನನ್ನು ನಿಲ್ಲಿಸುತ್ತಿರಲಿಲ್ಲ, ಅವನಿಗೇ ಮಾತ್ರೆ ನುಂಗಿಸಿ ನಿಲ್ಲಿಸುತ್ತಿದ್ದರು. ಮಾತ್ರೆ ಸಿಗದ ದಿನಗಳಲ್ಲಿ ನಾನು ಗೋಲಿನ ಮುಂದೆ ನಿಂತದ್ದೂ ಉಂಟು. ಆ ಪಂದ್ಯಗಳ ಫಲಿತಾಂಶವನ್ನು ಈಗ ಯಾರೂ ಎತ್ತುವುದಿಲ್ಲ, ನಾನೂ ಎತ್ತುವುದಿಲ್ಲ.

ಈಗ ಮಾಲೂರಿನ ಒಂದು ಶಾಲೆಯಲ್ಲಿ ಗುಮಾಸ್ತ. ಬೆಳಿಗ್ಗೆ ರೈಲಿಗೆ ಹೋಗಿ ಸಂಜೆ ರೈಲಿಗೆ ಬರುತ್ತೇನೆ. ಭಾನುವಾರ ಮಾತ್ರ ನಾನು ನನ್ನವನು. ಬೆಳಿಗ್ಗೆ ಕೆರೆಯಂಗಳದಲ್ಲಿ ನಮ್ಮ ತಂಡದ ಪಂದ್ಯ ನೋಡುವುದು, ಆಮೇಲೆ ರಮಣಾರೆಡ್ಡಿಯ ಟೀ ಹೋಟೆಲಿನಲ್ಲಿ ಕೂತು ಆ ಪಂದ್ಯವನ್ನು ಹೇಗೆ ಆಡಬೇಕಿತ್ತು ಎಂದು ತೀರ್ಮಾನಿಸುವುದು. ನಮ್ಮ ತಂಡದ ಹೆಸರಿನಲ್ಲಿ ‘ಬಾಯ್ಸ್’ ಇದ್ದರೂ ಪ್ರೆಸಿಡೆಂಟ್ ಮುನಿವೆಂಕಟಪ್ಪನವರಿಗೆ ಮೊಮ್ಮಕ್ಕಳಿದ್ದಾರೆ. ಅವರು ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದು ನಿವೃತ್ತರಾದವರು. ಪಂದ್ಯದ ದಿನ ಗೆರೆಯ ಪಕ್ಕ ಇಲಾಖೆಯ ಕೆಂಪು ಹಸಿರು ಬಾವುಟ ಹಿಡಿದು ನಿಲ್ಲುತ್ತಾರೆ. ಹೊರಗಿನಿಂದ ಬಂದ ತಂಡದವರು ಮೊದಲ ಸಲ ನೋಡಿದರೆ ರೈಲು ಬರುತ್ತಿದೆಯೇನೋ ಎಂದು ಹಿಂದಕ್ಕೆ ತಿರುಗುತ್ತಾರೆ. ಅಷ್ಟರಲ್ಲಿ ನಾವು ಒಂದು ಗೋಲು ಹೊಡೆದಿದ್ದೂ ಇದೆ.

ಇಷ್ಟೆಲ್ಲ ಹೇಳುತ್ತಿರುವುದು ನಮ್ಮ ಊರಿನಲ್ಲಿ ನಡೆದ ಒಂದು ದೊಡ್ಡ ಚರ್ಚೆಯ ಸಲುವಾಗಿ. ನಮ್ಮ ತಂಡದ ನಡುಭಾಗದ ಆಟಗಾರ ಮಂಜನನ್ನು ಮಾಲೂರಿನ ಕಡೆಯ ಒಂದು ಕಾರ್ಖಾನೆಯ ತಂಡಕ್ಕೆ ಕೊಡಬೇಕೋ ಬೇಡವೋ ಎಂಬುದೇ ಆ ಚರ್ಚೆ. ದೊಡ್ಡ ದೊಡ್ಡ ದೇಶಗಳಲ್ಲೂ ಜನ ಹೀಗೆ ಕಿತ್ತಾಡುತ್ತಾರಂತೆ. ಆದರೆ ಅವರಿಗೆ ನಮಗಿದ್ದ ತೊಡಕು ಇದ್ದಿರಲಾರದು. ನಮ್ಮ ತೊಡಕು ಏನೆಂದರೆ, ಮಂಜ ಪಾಸು ಕೊಡುತ್ತಿದ್ದದ್ದು ಸತ್ತವನೊಬ್ಬನಿಗೆ.

ನಗಬೇಡಿ. ನಾನೂ ಮೊದಲು ನಕ್ಕವನೇ.

ಸತ್ತವನು ಅಂಜಿನಪ್ಪ, ನನ್ನ ಗೆಳೆಯ ಅಂಜಿ. ಚಡ್ಡಿ ಹಾಕುವ ಕಾಲದಿಂದ ಒಟ್ಟಿಗೆ ಇದ್ದವರು ನಾವು. ಅವನು ನಮ್ಮ ತಂಡದ ಎಡಗಡೆಯ ಮುಂದಾಳು. ನಲವತ್ತಾದರೂ ಇಪ್ಪತ್ತರ ಹುಡುಗರು ಅವನನ್ನು ಹಿಡಿಯಲಾಗದೆ ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದರು. ಮೈದಾನಕ್ಕೆ ಇಳಿದರೆ ವಯಸ್ಸು, ಜಾತಿ, ನೆಂಟಸ್ತನ ಒಂದೂ ಇಲ್ಲ, ಎಲ್ಲರೂ ಅವನಿಗೆ ‘ಮಾವ’. ‘ಮಾವಾ, ಬಿಡು! ಮಾವಾ, ಇತ್ಲಾಗ್ ಬಿಡು!’ ಎಂದು ಅವನು ಕೂಗಿದರೆ ಬೆಟ್ಟಕ್ಕೆ ಕೇಳಿಸುತ್ತಿತ್ತು. ನನ್ನನ್ನು ಮಾತ್ರ ಮಾವ ಅನ್ನುತ್ತಿರಲಿಲ್ಲ, ‘ಗೂಟ’ ಅನ್ನುತ್ತಿದ್ದ. ಗೋಲಿನ ಮುಂದೆ ದನ ಕಟ್ಟುವ ಗೂಟ ನೆಟ್ಟ ಹಾಗೆ ನಿಲ್ಲುತ್ತೇನಂತೆ. ಗೂಟಕ್ಕೆ ಬಾಲು ಬಡಿದಾದರೂ ವಾಪಸು ಬರುತ್ತೆ, ನಿನಗೆ ಅದೂ ಇಲ್ಲ ಎನ್ನುತ್ತಿದ್ದ. ಅಂಥವನಿಗೆ ಕಾಮಾಲೆ ಬಂತು. ಊರಿನವರೆಲ್ಲ ಒಂದೊಂದು ಸೊಪ್ಪು ಹೇಳಿದೆವು, ಆಸ್ಪತ್ರೆಗೆ ಹೋಗುವಷ್ಟರಲ್ಲಿ ಕಾಲ ಮೀರಿತ್ತು. ಕೆರೆಯಂಗಳದ ಪಕ್ಕದ ಅವನ ಹಿಪ್ಪುನೇರಳೆ ತೋಟದಲ್ಲೇ ಮಣ್ಣು ಮಾಡಿದೆವು. ಅವತ್ತು ನಾನು ಎಷ್ಟು ಅತ್ತೆನೆಂದರೆ ಮಣ್ಣಿಗೆ ಬಂದವರು ಅವನ ಹೆಂಡತಿ ಸುಶೀಲಾಳನ್ನು ಬಿಟ್ಟು ನನ್ನನ್ನು ಸಮಾಧಾನ ಮಾಡಿದರು.

ವರ್ಷ ಕಳೆದು ಮಹಾಲಯ ಅಮಾವಾಸ್ಯೆ ಬಂತು. ನಮ್ಮ ಕಡೆ ಅವತ್ತು ಹಿರಿಯರಿಗೆ ಎಡೆ ಇಡುತ್ತಾರೆ. ಸತ್ತವರಿಗೆ ಏನೇನು ಇಷ್ಟವೋ ಅದೆಲ್ಲ ಎಲೆಯ ಮೇಲೆ ಬರಬೇಕು. ಜೊತೆಗೆ ಹೊಸ ಬಟ್ಟೆ. ಎಲ್ಲ ಇಟ್ಟು, ಧೂಪ ಹಾಕಿ, ಬಾಗಿಲು ಮುಂದೆ ಮಾಡಿ ಮನೆಯವರು ಹೊರಗೆ ಕೂರಬೇಕು. ಅವರು ಬಂದು ಉಂಡು ಹೋಗುವವರೆಗೆ ಒಳಗೆ ಇಣುಕಬಾರದು. ಆಮೇಲೆ ಎಡೆಯ ಊಟ ಮನೆಯವರಿಗೆ, ಎಡೆಗಿಟ್ಟ ಬಟ್ಟೆ ಮನೆಯಲ್ಲಿ ಯಾರಿಗಾದರೂ. ಸುಶೀಲಾ ನಾಟಿ ಕೋಳಿ ಸಾರು, ಮುದ್ದೆ, ವಡೆ ಮಾಡಿದ್ದಳು. ಅಂಜಿಯ ಅಣ್ಣತಮ್ಮಂದಿರು ಬೀಡಿ ಕಟ್ಟು, ಒಂದು ಚಿಕ್ಕ ಬಾಟಲಿ ತಂದಿದ್ದರು. ಪಂಚೆ ಟವೆಲ್ಲು ಎಲ್ಲರೂ ಇಡುತ್ತಾರೆ, ಅಂಜಿಯೇನು ಪಂಚೆ ಉಟ್ಟು ಆಡಿದವನೇ ಎಂದು ನಾವು ಕ್ಲಬ್ಬಿನವರು ಸೇರಿ ಕೋಲಾರಕ್ಕೆ ಹೋಗಿ ಅವನ ಅಳತೆಯ ಒಂದು ಜೊತೆ ಫುಟ್‌ಬಾಲ್ ಬೂಟು ತಂದು ಎಲೆಯ ಪಕ್ಕದಲ್ಲಿಟ್ಟೆವು. ಇದು ನಮ್ಮ ಬುದ್ಧಿವಂತಿಕೆ. ಬೇರೆ ಯಾವ ಊರಿನಲ್ಲಾದರೂ ಎಡೆಗೆ ಬೂಟು ಇಟ್ಟಿದ್ದಾರೋ ಇಲ್ಲವೋ ನನಗೆ ಗೊತ್ತಿಲ್ಲ. ಇಟ್ಟಿದ್ದರೆ ದಯವಿಟ್ಟು ನನಗೆ ಪತ್ರ ಬರೆಯಿರಿ, ಸ್ವಲ್ಪ ಧೈರ್ಯ ಬರುತ್ತದೆ.

ಬಾಗಿಲು ತೆಗೆದಾಗ ಬೀಡಿ ಹಾಗೇ ಇತ್ತು, ಬಾಟಲಿ ಹಾಗೇ ಇತ್ತು, ಕೋಳಿ ಹಾಗೇ ಇತ್ತು. ಬೂಟಿನ ಲೇಸು ಮಾತ್ರ ಕಟ್ಟಿತ್ತು. ಡಬ್ಬಿಯಿಂದ ತೆಗೆದಾಗ ಲೇಸು ಬಿಚ್ಚಿಕೊಂಡಿದ್ದು ನನಗೆ ಚೆನ್ನಾಗಿ ನೆನಪಿದೆ. ಕಟ್ಟಿದ್ದು ನಾನಲ್ಲ ಎಂದೆ. ನಾನೂ ಅಲ್ಲ ಎಂದ ರೆಡ್ಡಿ. ಪ್ರೆಸಿಡೆಂಟರಿಗೆ ಬಗ್ಗಲು ಸೊಂಟವೇ ಇಲ್ಲ. ಸುಶೀಲಾ ಮಾತ್ರ ಆ ಗಂಟನ್ನು ನೋಡಿದಳು. ಗಂಟು ಹಾಕಿ, ಉಳಿದ ದಾರವನ್ನು ಬೂಟಿನ ಅಡಿಯಿಂದ ಒಂದು ಸುತ್ತು ತಂದು ಮತ್ತೆ ಗಂಟು ಹಾಕಿತ್ತು. ಅಂಜಿ ಕಟ್ಟುತ್ತಿದ್ದದ್ದು ಹಾಗೆ. ಇಲಿ ಇರಬೇಕು ಎಂದೆ ನಾನು. ವಿದ್ಯಾವಂತ ನೋಡಿ, ಏನಾದರೂ ಹೇಳಬೇಕಲ್ಲ.

ಆ ಬೂಟು ಮನೆಯಲ್ಲಿ ಯಾರಿಗೂ ಆಗಲಿಲ್ಲ. ಅದೇ ತಿಂಗಳು ಮುಳಬಾಗಿಲಿನ ಕಡೆಯಿಂದ ಮಂಜ ನಮ್ಮೂರಿಗೆ ಬಂದ. ಇಲ್ಲಿ ಅವನ ಸೋದರತ್ತೆ ಇದ್ದಾರೆ. ಟೆಂಪೊದಲ್ಲಿ ತರಕಾರಿ ತುಂಬಿಕೊಂಡು ಕೋಲಾರದ ಮಂಡಿಗೆ ಹಾಕುವ ಕೆಲಸ. ಮಾತು ಕಡಿಮೆ, ಎರಡು ಸಲ ಕೇಳಿದರೆ ಒಂದು ಸಲ ಉತ್ತರ. ಭಾನುವಾರ ಬರಿಗಾಲಿನಲ್ಲಿ ಮೈದಾನಕ್ಕೆ ಬಂದು, ನಾನೂ ಆಡಬಹುದಾ ಎಂದು ಕೇಳಿದ. ಅವನ ಕಾಲಿನಲ್ಲಿ ಬಾಲು ಹೇಳಿದ ಮಾತು ಕೇಳುವುದನ್ನು ನೋಡಿ ನಾವೆಲ್ಲ ಬೀಡಿ ಆರಿಸಿ ಎದ್ದು ನಿಂತೆವು. ಸುಶೀಲಾ ಮನೆಯಿಂದ ಬೂಟು ತಂದು ಕೊಟ್ಟಳು. ಅಳತೆ ಮಾಡಿ ಹೊಲಿಸಿದ ಹಾಗೆ ಕೂತಿತು.

ಬೂಟು ಹಾಕಿದ ಮೇಲೆ ಶುರುವಾಯಿತು. ಮಂಜ ಬಾಲು ಹಿಡಿಯುತ್ತಾನೆ, ತಲೆ ಎತ್ತುತ್ತಾನೆ, ಇಬ್ಬರನ್ನು ದಾಟುತ್ತಾನೆ, ಆಮೇಲೆ ಎಡಗಡೆಗೆ ಒಂದು ಪಾಸು ಕೊಡುತ್ತಾನೆ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗಿರುವ ಪಾಸು. ಆದರೆ ಅಲ್ಲಿ ಯಾರೂ ಇಲ್ಲ. ಅಂಜಿ ಹೋದ ಮೇಲೆ ಆ ಜಾಗಕ್ಕೆ ನಾವು ಸರಿಯಾದ ಆಳು ಹಾಕಿರಲಿಲ್ಲ. ಬಾಲು ಹೊರಗೆ ಹೋಗಿದ್ದರೆ ಹುಡುಗನಿಗೆ ಅಭ್ಯಾಸ ಸಾಲದು ಎಂದು ಸುಮ್ಮನಾಗುತ್ತಿದ್ದೆವು. ಹೊರಗೆ ಹೋಗುತ್ತಿರಲಿಲ್ಲ. ನಮ್ಮ ಮೈದಾನ ಕೆರೆಯ ನೀರಿನ ಕಡೆಗೆ ವಾಟ, ಸುಮ್ಮನೆ ಇಟ್ಟ ಬಾಲೂ ಉರುಳಿ ನೀರು ಸೇರುತ್ತದೆ. ಮಂಜ ಕೊಟ್ಟ ಬಾಲು ಮಾತ್ರ ಗೆರೆಯ ಹತ್ತಿರ ಹೋಗಿ, ಯಾರೋ ಕಾಲಿನಡಿ ಒತ್ತಿ ಹಿಡಿದ ಹಾಗೆ ನಿಂತುಬಿಡುತ್ತಿತ್ತು. ಎದುರು ತಂಡದವನು ಹತ್ತಿರ ಓಡಿ ಹೋಗುತ್ತಿದ್ದ, ಹೋದವನು ಒಂದು ಕ್ಷಣ ತಬ್ಬಿಬ್ಬಾಗಿ ನಿಲ್ಲುತ್ತಿದ್ದ. ಅಷ್ಟರಲ್ಲಿ ನಮ್ಮವನೊಬ್ಬ ಹೋಗಿ ಬಾಲು ತಂದು ಗೋಲು ಹೊಡೆಯುತ್ತಿದ್ದ. ನಾವು ಗೆಲ್ಲತೊಡಗಿದೆವು. ಗೆಲ್ಲುವುದು ನಮಗೆ ಅಭ್ಯಾಸವಿಲ್ಲದ್ದರಿಂದ ಅದೇ ಮೊದಲು ನಮಗೆ ಭಯ ಹುಟ್ಟಿಸಿತು.

ಎಡಗಡೆಗೆ ಪ್ರದೀಪ ಎಂಬ ಒಳ್ಳೆ ಓಟದ ಹುಡುಗನನ್ನು ಹಾಕಿ ನೋಡಿದೆವು. ಎರಡು ಪಂದ್ಯ ಆಡಿದವನು ಬಂದು, “ನನ್ನ ಬಲಗಡೆ ಹಾಕಿ ಅಣ್ಣಾ” ಎಂದ. ಯಾಕೋ ಎಂದರೆ, “ಆ ಕಡೆ ಇಕ್ಕಟ್ಟು” ಎಂದ. ಮೈದಾನದ ಅಷ್ಟಗಲ ಜಾಗದಲ್ಲಿ ಅವನೊಬ್ಬನೇ ಇದ್ದದ್ದು.

ಇನ್ನೊಂದು ವಿಷಯ ನಾಯಿಯದು. ಅಂಜಿಯ ಕಂದು ನಾಯಿ ರಾಜ, ಅವನು ಆಡುವಾಗ ಗೆರೆಯ ಆಚೆ ಅವನ ಜೊತೆಜೊತೆಗೇ ಓಡುತ್ತಿತ್ತು. ಅವನು ಹೋದ ಮೇಲೆ ತೋಟದ ಸಮಾಧಿಯ ಹತ್ತಿರ ಮಲಗಿರುತ್ತಿತ್ತು. ಮಂಜ ಆಡಲು ಶುರುಮಾಡಿದ ಮೇಲೆ ಅದು ಎದ್ದು ಮತ್ತೆ ಗೆರೆಗೆ ಬಂತು. ಎಡಗಡೆಯ ಗೆರೆಯುದ್ದಕ್ಕೂ ಬಾಲ ಆಡಿಸುತ್ತಾ ಮೇಲಕ್ಕೂ ಕೆಳಕ್ಕೂ ಓಡುವುದು. ರೆಡ್ಡಿ ಇದನ್ನು ತೋರಿಸಿದಾಗ ನಾನು, ನಾಯಿಗೆ ಅಭ್ಯಾಸ ಕಣಯ್ಯ, ಜಾಗದ ನೆನಪು ಎಂದು ವಿವರಿಸಿದೆ. ಅರ್ಧ ಆಟ ಮುಗಿಯಿತು. ತಂಡಗಳು ಕಡೆ ಬದಲಿಸಿದವು, ನಮ್ಮ ಎಡಗಡೆ ಈಗ ತೋಟದ ಕಡೆಗೆ ಬಂತು. ನಾಯಿ ಎದ್ದು, ಮೈ ಕೊಡವಿ, ಮೈದಾನ ದಾಟಿ ತೋಟದ ಕಡೆಯ ಗೆರೆಗೆ ಬಂದು ನಿಂತಿತು. ನನ್ನ ವಿವರಣೆ ನನ್ನ ಬಾಯಲ್ಲೇ ಉಳಿಯಿತು. ಬದುಕಿರುವ ನಮ್ಮ ಆಟಗಾರರಲ್ಲೇ ಇಬ್ಬರಿಗೆ ಅರ್ಧ ಆಟದ ಮೇಲೆ ಯಾವ ಗೋಲಿಗೆ ಹೊಡೆಯಬೇಕೆಂದು ಹೇಳಿಕೊಡಬೇಕು.

ಇಂಥ ಸ್ಥಿತಿಯಲ್ಲಿ ಕಾರ್ಖಾನೆಯ ಮ್ಯಾನೇಜರು ಕಾರಿನಲ್ಲಿ ಬಂದು ಒಂದು ಪಂದ್ಯ ನೋಡಿದರು. ಹುಡುಗನ ಕಣ್ಣು ಬಹಳ ಮುಂದೆ ನೋಡುತ್ತದೆ ಎಂದು ಹೊಗಳಿದರು. ಎಷ್ಟು ಮುಂದೆ ಎಂದು ನಾವು ಹೇಳಲಿಲ್ಲ. ಮಂಜನಿಗೆ ಕಾಯಂ ಕೆಲಸ, ಕ್ಯಾಂಟೀನು, ಪಿ.ಎಫ್. ಎಲ್ಲ ಕೊಡುತ್ತೇವೆ, ಅವನನ್ನು ನಮ್ಮ ತಂಡಕ್ಕೆ ಬಿಟ್ಟುಕೊಡಿ ಎಂದರು. ಪ್ರತಿಯಾಗಿ ನಮ್ಮ ಕ್ಲಬ್ಬಿಗೆ ಕಬ್ಬಿಣದ ಎರಡು ಗೋಲ್ ಕಂಬ, ಬಲೆ ಸಮೇತ. ನಮ್ಮವು ನೀಲಗಿರಿ ಕಂಬಗಳು. ಮಳೆಗಾಲದಲ್ಲಿ ಒಂದು ಚಿಗುರಿತ್ತು ಕೂಡ.

ರೆಡ್ಡಿಯ ಹೋಟೆಲಿನಲ್ಲಿ ಅವತ್ತು ಶುರುವಾದ ವಾದ ವಾರಗಟ್ಟಲೆ ನಡೆಯಿತು. ಪ್ರೆಸಿಡೆಂಟರು ಕೊಡುವ ಪಕ್ಷ. “ಕಬ್ಬಿಣದ ಕಂಬ ಕಣ್ರೋ! ಜೀವಮಾನದಲ್ಲಿ ನೋಡಿದ್ದೀರಾ? ಮಂಜ ಇವತ್ತಿರ್ತಾನೆ ನಾಳೆ ಮೊಣಕಾಲು ಹೋಗ್ತದೆ. ಕಂಬಕ್ಕೆ ಮೊಣಕಾಲಿದೆಯಾ?” ಎಂದು ಅವರ ವಾದ. ರೆಡ್ಡಿ ಕೊಡಬಾರದ ಪಕ್ಷ. ಅವನು ಟೀ ಸೋಸುವುದನ್ನು ಬಿಟ್ಟು ಬಂದು ನಿಂತ. ಸಿಟ್ಟು ಬಂದರೆ ಅವನ ಬಾಯಲ್ಲಿ ತೆಲುಗು ಬರುತ್ತದೆ. “ಏಮಯ್ಯಾ ಪ್ರೆಸಿಡೆಂಟೂ, ಬುದ್ಧಿ ಉಂದಾ ನೀಕು? ಮಂಜ ಹೋದ್ರೆ ಒಬ್ಬನೇ ಹೋಗ್ತಾನಾ? ಎಡಗಡೆಯೋನೂ ಅವನ ಹಿಂದೆನೇ ಹೋಗ್ತಾನೆ. ಒಬ್ಬರ ರೇಟಿಗೆ ಇಬ್ಬರನ್ನ ಕೊಡ್ತೀಯಲ್ಲ, ಇದ್ಯಾವ ವ್ಯಾಪಾರ!”

ಹೋಟೆಲಿನಲ್ಲಿ ಒಬ್ಬರೂ ನಗಲಿಲ್ಲ. ಪ್ರೆಸಿಡೆಂಟರು ಗ್ಲಾಸು ಕೆಳಗಿಟ್ಟು ಯೋಚಿಸಿದರು. ಹಾಗಾದರೆ ಬಲೆ ಜೊತೆಗೆ ಎರಡು ಬಾಲೂ ಕೇಳೋಣವೇ ಎಂದರು.

ನಾನು ಏನಾದರೂ ಹೇಳಲಿ ಎಂದು ಎಲ್ಲರೂ ನನ್ನ ಮುಖ ನೋಡಿದರು. ಇದೆಲ್ಲ ಮೂಢನಂಬಿಕೆ, ವೈಜ್ಞಾನಿಕವಾಗಿ ಪರೀಕ್ಷೆ ಮಾಡೋಣ ಎಂದೆ. ಪಂದ್ಯದ ದಿನ ನಾನು ಯಾವಾಗಲೂ ನಮ್ಮ ತಂಡದ ಬಣ್ಣದ ಹಳದಿ ಅಂಗಿ ಹಾಕಿಕೊಂಡು ಎಡಗಡೆಯ ಗೆರೆಯಲ್ಲೇ ನಿಂತಿರುತ್ತೇನೆ. ಮಂಜನಿಗೆ ದೂರದ ದೃಷ್ಟಿ ಮಂದ, ನನ್ನ ಅಂಗಿಯನ್ನು ನಮ್ಮ ತಂಡದ ಅಂಗಿ ಎಂದುಕೊಂಡು ಪಾಸು ಕೊಡುತ್ತಾನೆ, ದೆವ್ವವೂ ಇಲ್ಲ ಗಿವ್ವವೂ ಇಲ್ಲ ಎಂಬುದು ನನ್ನ ಸಿದ್ಧಾಂತ. ಮುಂದಿನ ಭಾನುವಾರ ಬೇಕೆಂದೇ ಹಳದಿ ಅಂಗಿ ಹಾಕಿ ಬಲಗಡೆಯ ಗೆರೆಯಲ್ಲಿ ನಿಂತೆ. ಬಾಲು ನನ್ನ ಕಡೆಗೆ ಬಂದರೆ ಸಿದ್ಧಾಂತ ಗೆದ್ದ ಹಾಗೆ. ಮಂಜ ನನ್ನನ್ನು ನೋಡಿ ಕೈ ಕೂಡ ಬೀಸಿದ. ಪಾಸು ಮಾತ್ರ ಎಡಗಡೆಗೇ ಹೋಯಿತು, ಹೋಗಿ ನಿಂತಿತು. ಸುಡುಬಿಸಿಲು. ಮೈದಾನದ ಆ ಭಾಗದಲ್ಲಿ ಕಾಗೆಯೂ ಇಲ್ಲ. ನಿಂತ ಬಾಲಿನ ಪಕ್ಕ ನೆಲದ ಧೂಳು ಚೂರೇ ಚೂರು ಎದ್ದು ಕೂತಿತು, ಯಾರೋ ಓಡಿ ಬಂದು ನಿಂತರೆ ಏಳುತ್ತದಲ್ಲ, ಅಷ್ಟು. 

ಅವತ್ತಿನಿಂದ ನಾನೂ ಕೊಡಬಾರದ ಪಕ್ಷ ಸೇರಿದೆ. ಭಯದಿಂದಲ್ಲ. ಭಯ ಇತ್ತು, ಸುಳ್ಳೇಕೆ ಹೇಳಲಿ, ಆದರೆ ಅದಕ್ಕಿಂತ ದೊಡ್ಡದು ಇನ್ನೊಂದಿತ್ತು. ಅಂಜಿ ಅಲ್ಲಿದ್ದಾನೆ. ನೀರಿನ ಕಡೆಯೋ ತೋಟದ ಕಡೆಯೋ, ಆ ಗೆರೆಯ ಹತ್ತಿರ ನನ್ನ ಗೆಳೆಯ ವಾರಕ್ಕೊಂದು ದಿನ ಓಡಾಡುತ್ತಾನೆ. ಮಂಜನನ್ನು ಕಳಿಸಿಬಿಟ್ಟರೆ ಅವನಿಗೆ ಬಾಲು ಕೊಡುವವರು ಯಾರು? ನಮ್ಮ ಉಳಿದ ಹುಡುಗರಿಗೆ ಕಣ್ಣೆದುರು ನಿಂತವನಿಗೇ ಪಾಸು ಕೊಡಲು ಬರುವುದಿಲ್ಲ. ಅಂಜಿ ಕೂಗಿ ಕೂಗಿ ಸುಮ್ಮನಾಗಿ, ಕೈ ಇಳಿಬಿಟ್ಟು ನಿಂತಿರುವುದನ್ನು ನೆನೆಸಿಕೊಂಡರೆ ನನಗೆ ಊಟ ಸೇರುತ್ತಿರಲಿಲ್ಲ. ನನ್ನ ಹೆಂಡತಿ ಪದ್ಮ ತಟ್ಟೆ ನೋಡಿ, “ಮನೇಲಿ ಬದುಕಿರೋರು ಗ್ಯಾಸ್ ಮುಗೀತು ಅಂತ ಮೂರು ದಿನದಿಂದ ಕೂಗ್ತಿದ್ದೀವಿ, ಕೇಳಿಸ್ಲಿಲ್ಲ. ಸತ್ತೋರು ಕೂಗಿದ್ದು ಮಾತ್ರ ಕೇಳಿಸ್ತದೆ ನಿಮಗೆ” ಎಂದಳು. ಮಾತು ನಿಜ. ಆದರೆ ಗ್ಯಾಸಿನವನು ಇವತ್ತಲ್ಲ ನಾಳೆ ಬರುತ್ತಾನೆ.

ಮಂಜನನ್ನೇ ಕೇಳಿಬಿಡೋಣ ಎಂದು ಒಂದು ದಿನ ಶಾಲೆಗೆ ರಜೆ ಹಾಕಿ ಅವನ ಟೆಂಪೊ ಹತ್ತಿದೆ. ಹಿಂದೆ ಕೋಸು, ಮುಂದೆ ನಾವಿಬ್ಬರು. ಕೋಲಾರದ ದಾರಿ ಅರ್ಧ ಮುಗಿಯುವವರೆಗೆ ಮಳೆ ಬೆಳೆ ಮಾತಾಡಿ, ಕೊನೆಗೆ ಕೇಳಿದೆ.

“ಮಂಜಾ, ಎಡಗಡೆ ಪಾಸ್ ಕೊಡ್ತೀಯಲ್ಲ, ಯಾರಿಗೋ?”

ಅವನು ಗೇರು ಬದಲಿಸಿದ. “ಕಾಣ್ಸಲ್ಲ ಅಣ್ಣ” ಎಂದ. “ಕೂಗ್ತಾರೆ.”

“ಏನಂತ?”

“ಮಾವಾ, ಇತ್ಲಾಗ್ ಬಿಡು ಅಂತ. ನಾನು ಯಾರಿಗೂ ಮಾವ ಅಲ್ಲ, ಇನ್ನೂ ಮದುವೆನೇ ಆಗಿಲ್ಲ. ಯಾರೋ ದೊಡ್ಡೋರು ಕರೀತಾವ್ರೆ ಅಂತ ಬಿಡ್ತೀನಿ.”

ಮಂಜ ಅಂಜಿಯನ್ನು ಕಂಡವನಲ್ಲ. ನಾವು ಯಾರೂ ಅವನ ಮುಂದೆ ಆ ಮಾತು ಆಡಿದವರಲ್ಲ, ಹುಡುಗ ಹೆದರಿಕೊಂಡಾನು ಎಂದು ಬಾಯಿ ಕಟ್ಟಿಕೊಂಡಿದ್ದೆವು.  ಅವನು ಇನ್ನೂ ಮುಗಿಸಿರಲಿಲ್ಲ.

“ಆಟ ಇಲ್ಲದಾಗ ಸುಮ್ನೆ ಏನೇನೋ ಬೈಕೋತಿರ್ತಾರೆ ಅಣ್ಣ. ‘ಆ ಗೂಟ ಎಲ್ಲಿ ನಿಂತವ್ನೆ ನೋಡು’ ಅಂತಾರೆ. ಗೂಟ ಅಂದ್ರೆ ಯಾರಣ್ಣ?”

ಗೊತ್ತಿಲ್ಲ ಕಣಪ್ಪ ಎಂದೆ.  ಸತ್ತ ಮೇಲಾದರೂ ಮನುಷ್ಯನ ನಾಲಿಗೆ ಮೆತ್ತಗಾಗುತ್ತದೆ ಎಂದು ನಂಬಿದ್ದೆ. ಅಳು ಬಂತೋ ನಗು ಬಂತೋ ತಿಳಿಯದೆ ಕಿಟಕಿಯ ಕಡೆ ತಿರುಗಿ ಕೂತೆ.

ಮಂಡಿಯಲ್ಲಿ ಕೋಸು ಇಳಿಸಿ ವಾಪಸು ಬರುವಾಗ ಮಂಜ ತಾನಾಗಿಯೇ ಬಾಯಿ ಬಿಟ್ಟ. ಶ್ರೀನಿವಾಸಪುರದ ಕಡೆ ಒಂದು ಹುಡುಗಿ ನೋಡಿದ್ದಾರೆ. ಹುಡುಗಿಗೂ ಇವನಿಗೂ ಒಪ್ಪಿಗೆ. ಆದರೆ ಹುಡುಗಿಯ ಅಪ್ಪ ಟೆಂಪೊ ಓಡಿಸುವವನಿಗೆ ಕೊಡುವುದಿಲ್ಲ, ಕಾಯಂ ಕೆಲಸ ಇದ್ದರೆ ನಾಳೆಯೇ ತಾಂಬೂಲ ಎನ್ನುತ್ತಾನೆ. “ಕಾರ್ಖಾನೆಗೆ ಹೋದ್ರೆ ಅದಾಗ್ತದೆ ಅಣ್ಣ. ಆದ್ರೆ ಅವರು ಕೂಗ್ತಾರಲ್ಲ, ಅವರನ್ನ ಬಿಟ್ಟು ಹೆಂಗೋಗೋದು? ನೀವು ಬೇಡ ಅಂದ್ರೆ ಹೋಗಲ್ಲ. ನೀವೇ ಹೇಳ್ಬಿಡಿ” ಎಂದ.

ಅತ್ತ ದರಿ ಇತ್ತ ಪುಲಿ ಎಂದರೆ ಏನೆಂದು ಅವತ್ತು ತಿಳಿಯಿತು. ಬೇಡ ಎಂದರೆ ಅಂಜಿಗೆ ವಾರಕ್ಕೊಂದು ಪಾಸು ಸಿಗುತ್ತದೆ, ಈ ಹುಡುಗನ ಮದುವೆ ಮುರಿಯುತ್ತದೆ. ಹೋಗು ಎಂದರೆ ಹುಡುಗ ಬಾಳುತ್ತಾನೆ, ನನ್ನ ಗೆಳೆಯ ಎರಡನೇ ಸಲ ಸಾಯುತ್ತಾನೆ. ಇಷ್ಟು ವರ್ಷ ಯಾರೂ ನನ್ನನ್ನು ಏನೂ ಕೇಳಿರಲಿಲ್ಲ, ಅಭಿಪ್ರಾಯಗಳನ್ನು ಧಾರಾಳವಾಗಿ ಹಂಚಿಕೊಂಡು ಸುಖವಾಗಿದ್ದೆ. ಈಗ ಒಬ್ಬ ಬಂದು ನಿಜವಾಗಿಯೂ ಕೇಳಿದರೆ ಬಾಯಿ ಕಟ್ಟಿಹೋಯಿತು. ನಾಳೆ ಹೇಳ್ತೀನಿ ಎಂದು ಟೆಂಪೊ ಇಳಿದು ನೆಟ್ಟಗೆ ಸುಶೀಲಾಳ ಮನೆಗೆ ಹೋದೆ.

ಅವಳು ಹುಳುಗಳಿಗೆ ಸೊಪ್ಪು ಹಾಕುತ್ತಿದ್ದಳು. ರೇಷ್ಮೆಹುಳು ಸೊಪ್ಪು ತಿನ್ನುವ ಸದ್ದು, ಹಂಚಿನ ಮೇಲೆ ಸಣ್ಣ ಮಳೆ ಬಿದ್ದ ಹಾಗೆ, ಆ ಕತ್ತಲೆ ಕೋಣೆಯಲ್ಲೆಲ್ಲ ತುಂಬಿತ್ತು. ನಾನು ಎಲ್ಲವನ್ನೂ ಹೇಳಿದೆ, ಗೂಟದ ವಿಷಯ ಸಹ. ಅವಳು ಕೆಲಸ ನಿಲ್ಲಿಸದೆ ಕೇಳಿದಳು. ಅವಳಿಗೆ ಆಶ್ಚರ್ಯವಾಗಲಿಲ್ಲ ಎಂಬುದೇ ನನಗೆ ಆಶ್ಚರ್ಯವಾಯಿತು.

“ನಂಗೆ ಗೊತ್ತು ಸುಬ್ರಣ್ಣ” ಎಂದಳು. “ಭಾನುವಾರ ಆಟ ಮುಗಿದ ಮೇಲೆ ನಾಯಿ ಮುಂದೆ ಮುಂದೆ ಬರ್ತದೆ, ಬಾಗಿಲಲ್ಲಿ ನಿಂತು ಹಿಂದಕ್ಕೆ ತಿರುಗಿ ನೋಡ್ತದೆ, ಯಾರೋ ಕಾಲು ತೊಳ್ಕೊಂಡು ಬರ್ಲಿ ಅಂತ ಕಾಯ್ತದೆ. ನಾನು ಒಂದು ಚೊಂಬು ನೀರು ಇಟ್ಟಿರ್ತೀನಿ.” ಅಷ್ಟು ಹೇಳಿ ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಸಿಟ್ಟು ಬಂತು. “ಅದಕ್ಕೇಂತ ಬದುಕಿರೋ ಹುಡುಗನ ಮದುವೆ ನಿಲ್ಲಿಸ್ತೀರಾ? ನಮ್ಮನೆಯವರಿಗೆ ತಿಳಿದ್ರೆ ನಿಮ್ಮನ್ನೆಲ್ಲ ಒದೀತಾರೆ. ಹುಡುಗ ಹೋಗ್ಲಿ. ಬೂಟು ಬಿಟ್ಟು ಹೋಗ್ಲಿ, ಅದು ನಮ್ಮ ಮನೇದು. ಬಾಲ್ ಕೊಡೋರು ಇಲ್ಲ ಅಂತೀಯಲ್ಲ, ನಿನಗೇನು ಕಾಲಿಲ್ವಾ?”

ವಾರಗಟ್ಟಲೆ ಟೀ ಕುಡಿದು ನಾವು ಬಗೆಹರಿಸಲಾಗದ್ದನ್ನು ಅವಳು ಒಂದು ಬುಟ್ಟಿ ಸೊಪ್ಪು ಖಾಲಿಯಾಗುವಷ್ಟರಲ್ಲಿ ಬಗೆಹರಿಸಿದಳು. ಹೋಟೆಲಿನಲ್ಲಿ ತೀರ್ಪು ಹೇಳಿದೆ. ಬೂಟು ಇಲ್ಲೇ ಉಳಿದು ಮಂಜ ಒಬ್ಬನೇ ಹೋಗುವುದಾದರೆ ಸರಿಯಾದ ವ್ಯಾಪಾರ ಎಂದು ರೆಡ್ಡಿಯೂ ಒಪ್ಪಿದ. ಮಂಜ ಬೂಟು ಬಿಚ್ಚಿ, ಒರೆಸಿ, ಸುಶೀಲಾಳ ಕೈಗೆ ಕೊಟ್ಟು ಕಾಲಿಗೆ ನಮಸ್ಕಾರ ಮಾಡಿದ. ಕಾರ್ಖಾನೆಯ ಮೊದಲ ಪಂದ್ಯ ನೋಡಲು ನಾವೆಲ್ಲ ಮಾಲೂರಿಗೆ ಹೋಗಿದ್ದೆವು. ಹಸಿರು ಹುಲ್ಲಿನ ಮೈದಾನ. ಮಂಜ ಹೊಸ ಬೂಟಿನಲ್ಲಿ ಎಡಗಡೆಗೆ ಪಾಸು ಕೊಟ್ಟ, ಅಲ್ಲಿ ಸಂಬಳ ತೆಗೆದುಕೊಳ್ಳುವ ಒಬ್ಬ ಗಟ್ಟಿಮುಟ್ಟಾದ ಮನುಷ್ಯ ಓಡಿ ಬಂದು ಅದನ್ನು ಹಿಡಿದ. ಎಲ್ಲರೂ ಚಪ್ಪಾಳೆ ಹೊಡೆದರು. ಶ್ರೀನಿವಾಸಪುರದ ಮಾವನೂ ಬಂದಿದ್ದ, ಅವನೂ ಹೊಡೆದ. ನಾನೂ ಹೊಡೆದೆ, ಆದರೆ ಕಣ್ಣು ಸುಮ್ಮನೆ ಗೆರೆಯುದ್ದಕ್ಕೂ ಹುಡುಕುತ್ತಿತ್ತು. ಅಲ್ಲಿ ನಾಯಿಯೂ ಇರಲಿಲ್ಲ, ಧೂಳೂ ಇರಲಿಲ್ಲ.

ಬೂಟು ನನ್ನ ಪಾಲಿಗೆ ಬಂತು. ನನಗೆ ಒಂದು ಸೈಜು ಚಿಕ್ಕದು. ಹಾಕಿಕೊಂಡರೆ ಹೆಬ್ಬೆರಳು ಅಳುತ್ತದೆ. ಈಗ ಪ್ರತಿ ಭಾನುವಾರ ಪಂದ್ಯ ಮುಗಿದು ಎಲ್ಲರೂ ಊಟಕ್ಕೆ ಹೋದ ಮೇಲೆ ನಾನೊಬ್ಬನೇ ಮೈದಾನಕ್ಕೆ ಇಳಿಯುತ್ತೇನೆ. ಮಟಮಟ ಮಧ್ಯಾಹ್ನ ಹೊರಗೆ ಓಡಾಡಬಾರದು, ಗಾಳಿ ಸೋಕುತ್ತದೆ ಎಂದು ನಮ್ಮ ಅಜ್ಜಿ ಹೇಳುತ್ತಿದ್ದಳು. ನಾನು ಗಾಳಿ ಸೋಕಲಿ ಎಂದೇ ಹೋಗುವವನು. ನನಗೆ ಬರುವ ಒದೆತ ಒಂದೇ, ಗೋಲಿನ ಮುಂದಿನಿಂದ ಒದೆಯುವುದು. ಹೊಸ ಕಬ್ಬಿಣದ ಕಂಬಗಳ ನಡುವೆ ಬಾಲು ಇಟ್ಟು, “ಅಂಜೀ, ತಗೊಳ್ಳೋ” ಎಂದು ಎಡಗಡೆಗೆ ಒದೆಯುತ್ತೇನೆ. ಬಾಲು ಬಲಗಡೆಗೆ ಹೋಗುತ್ತದೆ. ಕೆಲವು ಸಲ ಹಿಂದಕ್ಕೂ ಹೋಗಿದೆ. ತರುವವನೂ ನಾನೇ. ನಾಯಿ ತೋಟದ ನೆರಳಿನಲ್ಲಿ ಮಲಗಿ ಒಂದೇ ಕಣ್ಣು ತೆರೆದು ನೋಡುತ್ತದೆ. ದೆವ್ವಕ್ಕೂ ಒಂದು ತಾಳ್ಮೆಯ ಮಿತಿ ಇರುತ್ತದಲ್ಲ, ಇವನು ಬೇಸತ್ತು ಹೋಗಿರಬೇಕು ಎಂದು ನನಗೇ ಅನ್ನಿಸತೊಡಗಿತ್ತು.

ಹೋದ ಭಾನುವಾರ ಬಿಸಿಲು ನೆತ್ತಿಯ ಮೇಲೆ ನಿಂತಿತ್ತು. ನನ್ನ ನೆರಳು ನನ್ನ ಕಾಲಿನಡಿಯೇ ಮುದುಡಿಕೊಂಡಿತ್ತು. ಕೆರೆಯ ಕಡೆಯಿಂದ ಕೊಕ್ಕರೆಯ ಸದ್ದು ಕೂಡ ಇಲ್ಲ. ಬಾಲಿಟ್ಟು ಒದ್ದೆ. ಅದು ಹೇಗೋ, ನೆಲ ಸವರಿಕೊಂಡು, ನಾನು ಅಂದುಕೊಂಡ ಜಾಗಕ್ಕೇ ಹೋಯಿತು. ವಾಟದಲ್ಲಿ ಇಳಿದು ಗೆರೆಯ ಹತ್ತಿರ ಹೋಗಿ, ನೀರಿಗೆ ಬೀಳದೆ, ನಿಂತಿತು. ನಾಯಿ ಕಿವಿ ನಿಮಿರಿಸಿ ಎದ್ದು, ಒಂದೇ ಉಸಿರಿಗೆ ಅಲ್ಲಿಗೆ ಓಡಿ ಬಾಲ ಆಡಿಸುತ್ತಾ ಸುತ್ತಿತು. ಬಾಲಿನ ಪಕ್ಕದಲ್ಲಿ ಒಂದು ಸುಂಟರಗಾಳಿ ಎದ್ದಿತು. ಆಳೆತ್ತರ ಅಷ್ಟೆ. ಒಣಹುಲ್ಲು, ಒಂದು ಪ್ಲಾಸ್ಟಿಕ್ ಕವರು ಸುತ್ತಿಕೊಂಡು ಗೆರೆಯುದ್ದಕ್ಕೂ ಬಂದು, ಅಂಜಿ ತಿರುಗುತ್ತಿದ್ದ ಜಾಗದಲ್ಲೇ ಒಳಕ್ಕೆ ತಿರುಗಿತು. ಬಾಲು ಅದರ ಮುಂದೆ ಉರುಳಿಕೊಂಡು, ಏರಿನಲ್ಲಿ, ನನ್ನ ಕಡೆಗೆ ಬರತೊಡಗಿತು.

ಓಡಿಹೋಗೋಣ ಎಂದುಕೊಂಡೆ, ಹೆಬ್ಬೆರಳು ಬಿಡಲಿಲ್ಲ. ಆಮೇಲೆ, ಇದೇನು ಹೆದರಿಕೆ, ಬರುತ್ತಿರುವುದು ಬಾಲು, ನಾನು ಕೀಪರು ಎಂದು ಧೈರ್ಯ ತಂದುಕೊಂಡೆ. ಬಾಲು ಬಹಳ ನಿಧಾನವಾಗಿ ಬಂತು. ನಮ್ಮ ಪದ್ಮ ಸೊಂಟಕ್ಕೆ ಕೊಡ ಇಟ್ಟುಕೊಂಡೇ ಅದನ್ನು ಹಿಡಿಯುತ್ತಿದ್ದಳು. ನಾನು ಬಗ್ಗಿದೆ, ಎರಡು ಕೈ ಚಾಚಿದೆ. ಬಾಲು ನನ್ನ ಕೈಗಳ ನಡುವೆ ಬಂದು, ಕಾಲುಗಳ ನಡುವೆ ಹಾದು, ಹಿಂದಿನ ಹೊಸ ಬಲೆಯೊಳಗೆ ಹೋಗಿ ಮಲಗಿತು. ಬಲೆ ಒಮ್ಮೆ ಅಲುಗಿತು. ಧೂಳು ನನ್ನ ಮುಖಕ್ಕೆ ಬಡಿದು ದಾಟಿಹೋಯಿತು, ಅದರಲ್ಲಿ ಬೀಡಿಯ ವಾಸನೆ ಇತ್ತು ಎಂದರೆ ನೀವು ನಂಬಬೇಕಾಗಿಲ್ಲ. ನನ್ನ ಕಣ್ಣು ತುಂಬಿತ್ತು. ಇಷ್ಟು ದಿನದ ಮೇಲೆ ನನ್ನ ಗೆಳೆಯನಿಗೆ ಒಂದು ಗೋಲು ಸಿಕ್ಕಿತು ಎಂದು ಎದೆ ಉಕ್ಕಿತು, ನಿಜ. ಆದರೂ ಮನುಷ್ಯನ ಬುದ್ಧಿ ನೋಡಿ, ನಾಲ್ಕೂ ಕಡೆ ತಿರುಗಿ ಯಾರೂ ನೋಡಲಿಲ್ಲವೆಂದು ಖಾತ್ರಿ ಮಾಡಿಕೊಂಡು, ಕೈ ಮೇಲೆತ್ತಿ “ಆಫ್‌ಸೈಡ್! ಗೋಲು ಲೆಕ್ಕಕ್ಕಿಲ್ಲ!” ಎಂದು ಜೋರಾಗಿ ಕೂಗಿದೆ. ಒಪ್ಪಿಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ. ಇದ್ದವನಂತೂ ಬದುಕಿದ್ದಾಗಲೂ ನನ್ನ ಒಂದು ಮಾತನ್ನಾದರೂ ಒಪ್ಪಿದವನಲ್ಲ.